ಸರ್ವ ಸೈಡ್‌ಕಾರ್ ಸಂಗ್ರಹ

ವಿಜಯನಗರದ ನೆಲಕ್ಕೆ ವರ್ಗೀಕರಣ ಹೊಸ ಚಟವಲ್ಲ. 14ನೇ ಶತಮಾನದಲ್ಲಿ ಮಾಧವಾಚಾರ್ಯರು (ವಿದ್ಯಾರಣ್ಯರು ಇವರೇ ಎಂಬುದು ಪರಂಪರೆಯ ಮಾತು) ‘ಸರ್ವದರ್ಶನಸಂಗ್ರಹ’ ಬರೆದು ಅಂದಿನ ಮತಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಸಾಲಿನ ತುದಿಗೆ ಚಾರ್ವಾಕ. ಅವನನ್ನು ಮುಂದಿನವನು ಖಂಡಿಸುತ್ತಾನೆ, ಅವನನ್ನು ಮತ್ತೊಬ್ಬ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಶಂಕರರವರೆಗೆ. ಮುಂದೆ ಇದೇ ರಾಜಧಾನಿ ಕಂಡ ವ್ಯಾಸತೀರ್ಥರು ‘ತರ್ಕತಾಂಡವ’ ಬರೆದರು. ಅವರ ಬೃಂದಾವನ ಆನೆಗೊಂದಿಯ ಬಳಿ ಹೊಳೆಯ ನಡುಗಡ್ಡೆಯಲ್ಲಿ ಇವತ್ತಿಗೂ ಇದೆ. ಇಷ್ಟು ಮಂದಿ ಇಷ್ಟು ವಾದ ಮಾಡಿದರೂ ಒಂದು ಪ್ರಶ್ನೆ ಮಾತ್ರ ಅನಾಥವಾಗಿ ಉಳಿಯಿತು: ಮೋಟಾರ್‌ಸೈಕಲ್ಲಿಗೆ ಸೈಡ್‌ಕಾರ್ ಕಟ್ಟಿದ ಮೇಲೆ ಸೈಲೆನ್ಸರ್ ಎಲ್ಲಿಗೆ ಹೋಗಬೇಕು? ಆ ಕಾಲಕ್ಕೆ ಮೋಟಾರ್‌ಸೈಕಲ್ಲೇ ಇರಲಿಲ್ಲ ಎನ್ನುವುದು ಸಮಾಧಾನವಾದೀತೇ ಹೊರತು ಉತ್ತರವಾಗದು. ಆ ಕೊರತೆಯನ್ನು ತುಂಬುವುದೇ ಈ ಗ್ರಂಥದ ಉದ್ದೇಶ.

ಶಾಸ್ತ್ರವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಈ ನಾಲ್ಕನ್ನೂ ಮೊದಲಿಗೇ ಹೇಳಬೇಕು. ಅಧಿಕಾರಿ ಯಾರೆಂದರೆ, ಮನೆಯಲ್ಲಿ ಹಳೆಯ ಬುಲೆಟ್ಟೋ ಜಾವಾನೋ ಇದ್ದು, ಅದನ್ನು ಮಾರಲು ಮನಸ್ಸಿಲ್ಲದೆ, ಕಾರು ಕೊಳ್ಳಲು ರೊಕ್ಕವಿಲ್ಲದೆ, ಮಂಡಿನೋವಿನ ತಾಯಿಯನ್ನು ಹಂಪಿ ಹುಣ್ಣಿಮೆಗೆ ವಿರೂಪಾಕ್ಷನ ಬಳಿಗೆ ಕರೆದೊಯ್ಯಬೇಕಾದವನು. ವಿಷಯ, ಮೂರನೆಯ ಚಕ್ರ. ಸಂಬಂಧ, ನಾಲ್ಕು ಕ್ಲಾಂಪು. ಪ್ರಯೋಜನ, ತಾಯಿಗೆ ತಲೆಸುತ್ತು ಬಾರದಂತೆ ಮನೆಗೆ ಮರಳುವುದು. ಈ ಕೊನೆಯದನ್ನು ಓದುಗರು ಮರೆಯಬಾರದು, ಏಕೆಂದರೆ ಗ್ಯಾರೇಜಿನಲ್ಲಿ ಎಲ್ಲರೂ ಮರೆಯುವುದು ಅದನ್ನೇ.

ಲಕ್ಷಣ

ಮೊದಲು ಸೈಡ್‌ಕಾರ್ ಎಂದರೇನು? ‘ಮೂರು ಚಕ್ರದ ಗಾಡಿ’ ಎಂದರೆ ಅತಿವ್ಯಾಪ್ತಿ ದೋಷ: ಹೊಸಪೇಟೆ ಬಸ್‌ಸ್ಟ್ಯಾಂಡ್ ಮುಂದೆ ಕೂಗಿ ಕೂಗಿ ಜನರನ್ನು ತುಂಬಿಕೊಳ್ಳುವ ಆಟೋ, ಹಳ್ಳಿಗಳಿಗೆ ಹೋಗುವ ಟಂಟಂ, ಗೊಬ್ಬರದ ಚೀಲ ಹೇರುವ ಲಗೇಜ್ ಆಟೋ ಎಲ್ಲವೂ ಸೈಡ್‌ಕಾರ್ ಆಗಿಬಿಡುತ್ತವೆ. ‘ಸವಾರನ ಪಕ್ಕದಲ್ಲಿ ಜನ ಕೂರುವ ತೊಟ್ಟಿ’ ಎಂದರೆ ಅವ್ಯಾಪ್ತಿ: ಬಾಳೆಗೊನೆ ಹೇರಲೆಂದೇ ಕಟ್ಟಿದ ಚಪ್ಪಟೆ ಹಲಗೆಯ ಸೈಡ್‌ಕಾರ್ ಹೊರಗುಳಿಯುತ್ತದೆ. ‘ಹೆಚ್ಚುವರಿ ಚಕ್ರವುಳ್ಳ ಬೈಕು’ ಎಂದರೆ, ವಿಕಲಚೇತನರಿಗೆಂದು ಹಿಂಬದಿಯ ಎರಡೂ ಪಕ್ಕಕ್ಕೆ ಒಂದೊಂದು ಚಕ್ರ ಕೂಡಿಸಿದ ಸ್ಕೂಟರ್ ಒಳಬರುತ್ತದೆ. ಅದು ಬಹಳ ಉಪಕಾರಿಯಾದ ಗಾಡಿ, ಆದರೆ ಬೇರೆ ಜಾತಿ. ಹಂಪಿಯ ವಿಠ್ಠಲ ದೇವಸ್ಥಾನದ ಅಂಗಳದಲ್ಲಿರುವ ಕಲ್ಲಿನ ರಥವನ್ನು ಒಬ್ಬ ವಿದ್ಯಾರ್ಥಿ ಇಲ್ಲಿ ಎಳೆತಂದ. 50 ರೂಪಾಯಿ ನೋಟಿನ ಹಿಂಬದಿಯಲ್ಲೂ ಇರುವ ಆ ರಥ ಗರುಡನ ಗುಡಿ. ಅದರ ಎರಡೂ ಪಕ್ಕಕ್ಕೆ ಚಕ್ರಗಳಿವೆ, ಸೈಲೆನ್ಸರ್ ಇಲ್ಲ. ಆದ್ದರಿಂದ ಅದು ಈ ಗ್ರಂಥದ ವ್ಯಾಪ್ತಿಗೆ ಬಾರದು.

ಗ್ರಂಥಕರ್ತನ ಲಕ್ಷಣ ಹೀಗಿದೆ: ಒಂದೇ ಪಕ್ಕಕ್ಕೆ, ಒಂದೇ ಹೆಚ್ಚುವರಿ ಚಕ್ರದ ಮೇಲೆ, ಬೈಕಿನ ಆಸರೆಯಿಲ್ಲದೆ ನಿಲ್ಲಲಾರದ್ದು ಯಾವುದೋ ಅದು ಸೈಡ್‌ಕಾರ್. ‘ಒಂದೇ ಪಕ್ಕಕ್ಕೆ’ ಎಂಬುದರಲ್ಲೇ ಇಡೀ ಶಾಸ್ತ್ರವಿದೆ. ಮುಂದೆ ಬರುವ ಎಲ್ಲ ಪೀಡೆಯೂ ಆ ಓರೆತನದ ಸಂತಾನ.

ಸರ್ಕಾರದ ಲಕ್ಷಣ ಇದಕ್ಕಿಂತ ಗಹನವಾದದ್ದು. 1988ರ ಮೋಟಾರು ವಾಹನ ಕಾಯ್ದೆಯ 2ನೇ ಕಲಂ 27ನೇ ಉಪಕಲಮಿನ ಪ್ರಕಾರ ಮೋಟಾರ್‌ಸೈಕಲ್ ಎಂದರೆ ದ್ವಿಚಕ್ರ ವಾಹನ. ಹೆಚ್ಚುವರಿ ಚಕ್ರವಿರುವ, ಕಳಚಬಹುದಾದ ಸೈಡ್‌ಕಾರ್ ಅದಕ್ಕೆ ಜೋಡಿಸಿದ್ದರೆ ಅದೂ ಅದರೊಳಗೇ ಸೇರಿತು. ಅಂದರೆ ಕಣ್ಣಿಗೆ ಮೂರು ಚಕ್ರ ಕಂಡರೂ ತತ್ತ್ವತಃ ಇರುವುದು ಎರಡೇ. ಮೂರನೆಯದು ವ್ಯಾವಹಾರಿಕ ಸತ್ಯ. ಅದೇ ಕಾಯ್ದೆಯ 128ನೇ ಕಲಂ, ದ್ವಿಚಕ್ರ ಮೋಟಾರ್‌ಸೈಕಲ್ಲಿನ ಸವಾರ ತನ್ನ ಜೊತೆಗೆ ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಕೂರಿಸಬಾರದು ಎನ್ನುತ್ತದೆ. ಹಾಗಾದರೆ ಹಿಂದಿನ ಸೀಟಿನಲ್ಲಿ ಹೆಂಡತಿ, ಸೈಡ್‌ಕಾರಿನಲ್ಲಿ ತಾಯಿ ಕೂತರೆ ಏನು ಗತಿ? ಈ ಎರಡು ಕಲಮುಗಳನ್ನು ಕೂಡಿಸಿ ಭಾಷ್ಯ ಬರೆಯಬಲ್ಲ ಸಾಯಣ ಇನ್ನೊಮ್ಮೆ ಹುಟ್ಟಿಬರಬೇಕು.

ಉತ್ಪತ್ತಿ

ಇತಿಹಾಸ ಚುಟುಕು. 1903ರ ಜನವರಿಯಲ್ಲಿ ಇಂಗ್ಲೆಂಡಿನ ಮೋಟಾರ್‌ಸೈಕಲ್ ಪತ್ರಿಕೆಯೊಂದರಲ್ಲಿ ಸೈಡ್‌ಕಾರಿನ ವ್ಯಂಗ್ಯಚಿತ್ರ ಬಂತು. ಅದೇ ತಿಂಗಳ ಕೊನೆಯಲ್ಲಿ ಗ್ರಹಾಂ ಎಂಬಾತ ಅದರ ಪೇಟೆಂಟಿಗೆ ಅರ್ಜಿ ಹಾಕಿದ. ಹುಟ್ಟಿದ್ದೇ ನಗೆಚಿತ್ರವಾಗಿ ಎಂಬುದನ್ನು ಈ ವಂಶ ಇಂದಿಗೂ ಮರೆತಿಲ್ಲ. 1912ರಲ್ಲಿ ವಾಟ್ಸನ್ ಎಂಬುವನು ತನ್ನ ಮನೆಯ ಸಂದಿಯಲ್ಲಿ ಗಾಡಿ ನುಸುಳದೆ ಮಡಚುವ ಸೈಡ್‌ಕಾರ್ ಮಾಡಿ, ಅದನ್ನೇ ಕಂಪನಿಯಾಗಿ ಬೆಳೆಸಿದ. ಹೊಸಪೇಟೆಯ ಹಳೆ ಓಣಿಗಳಲ್ಲಿ ಮನೆ ಇರುವವರಿಗೆ ಅವನ ಕಷ್ಟ ತಕ್ಷಣ ಅರ್ಥವಾದೀತು.

ನಮ್ಮಲ್ಲಿ ರಸ್ತೆಯ ಎಡಕ್ಕೆ ಓಡುವುದು ನಿಯಮ, ಆದ್ದರಿಂದ ಸೈಡ್‌ಕಾರೂ ಎಡಕ್ಕೆ. ಕೂತವರು ರಸ್ತೆಯಂಚಿಗೆ ಇಳಿಯಬೇಕು, ಎದುರು ಬರುವ ಲಾರಿಯ ಕಡೆಗಲ್ಲ. ಯುರೋಪಿನ ಹೆಚ್ಚಿನ ದೇಶಗಳಲ್ಲಿ, ಅಮೆರಿಕದಲ್ಲಿ ಅದು ಬಲಕ್ಕೆ. ಇಂದಿನ ಹುಡುಗರು ಅಲ್ಲಿಯ ವಿಡಿಯೊ ನೋಡಿಕೊಂಡು ಬಂದು ಹಾಗೇ ಮಾಡಿಕೊಡಿ ಎನ್ನುತ್ತಾರೆ. ಆ ವಿಡಿಯೊಗಳಲ್ಲಿ ಎಡ ಎಂದದ್ದೆಲ್ಲ ಇಲ್ಲಿ ಬಲ, ಬಲ ಎಂದದ್ದೆಲ್ಲ ಎಡ. ವಿರೂಪಾಕ್ಷ ಗುಡಿಯಲ್ಲಿ ಒಂದು ಕಿಂಡಿಯಿಂದ ಬಂದ ಬೆಳಕಿಗೆ ಗೋಪುರ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದಲ್ಲ, ಅದನ್ನು ಒಮ್ಮೆ ನೋಡಿ ಬಂದವರು ವಿದೇಶಿ ವಿಡಿಯೊ ನೋಡಲು ಅರ್ಹರು.

ಜೋಡಣೆಯ ಮೂರು ಮತ

ಸೈಡ್‌ಕಾರ್ ಮತ್ತು ಬೈಕಿನ ಸಂಬಂಧ ಎಂಥದು ಎಂಬುದರಲ್ಲಿ ಮೂರು ಮತಗಳಿವೆ. ಓದುಗರು ಊಹಿಸಿದ ಮೂರೇ.

ದ್ವೈತಿಗಳು ಪಿನ್ನು, ಚಿಮುಟಿನ ಪಕ್ಷದವರು. ವಾರದ ದಿನ ಬೈಕು ಬೇರೆ, ಭಾನುವಾರ ಸೈಡ್‌ಕಾರ್ ಸೇರಿಸು. ಇವರ ಪಂಚಭೇದ ಗ್ಯಾರೇಜಿನಲ್ಲಿ ಪ್ರಸಿದ್ಧ: ಬೈಕಿಗೂ ಸೈಡ್‌ಕಾರಿಗೂ ಭೇದ, ಸೈಡ್‌ಕಾರಿಗೂ ಸವಾರನಿಗೂ ಭೇದ, ಸವಾರನಿಗೂ ಮೇಸ್ತ್ರಿಗೂ ಭೇದ, ಮೇಸ್ತ್ರಿ ಹೇಳಿದ ದಿನಕ್ಕೂ ಗಾಡಿ ಕೈಗೆ ಸಿಗುವ ದಿನಕ್ಕೂ ಭೇದ, ಅಂದಾಜು ಹೇಳಿದ ರೊಕ್ಕಕ್ಕೂ ಎಣಿಸಿ ಕೊಟ್ಟ ರೊಕ್ಕಕ್ಕೂ ಭೇದ. ಈ ಮತದ ಅಪಾಯ ಎಲ್ಲರಿಗೂ ಗೊತ್ತಿರುವುದು 1975ರ ‘ಶೋಲೆ’ಯಿಂದ. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ ಆ ಸಿನಿಮಾದಲ್ಲಿ ಇಬ್ಬರು ಗೆಳೆಯರು ಹಾಡುತ್ತಿರುವಾಗಲೇ ಸೈಡ್‌ಕಾರ್ ಕಳಚಿ ಬೇರೆ ದಾರಿ ಹಿಡಿಯುತ್ತದೆ, ಆಮೇಲೆ ತಾನಾಗಿ ಬಂದು ಕೂಡಿಕೊಳ್ಳುತ್ತದೆ. ಕಳಚುವುದು ಶಾಸ್ತ್ರಸಮ್ಮತ. ತಾನಾಗಿ ಕೂಡಿಕೊಳ್ಳುವುದು ಸಿನಿಮಾ.

ಅದ್ವೈತಿಗಳು ವೆಲ್ಡಿಂಗ್ ಪಕ್ಷ. ಭೇದವೆಲ್ಲ ಭ್ರಮೆ, ಎರಡೂ ಕಬ್ಬಿಣವೇ. “ಪಕ್ಕಾ ವೆಲ್ಡಿಂಗ್ ಹೊಡಿತೀನಿ ಬಿಡಣ್ಣಾ, ಜಿಂದಗಿಯಾಗ ಬಿಡಂಗಿಲ್ಲ ಅದು” ಎನ್ನುವುದು ಇವರ ಮಹಾವಾಕ್ಯ. ದೋಷವೇನೆಂದರೆ, ಬೈಕಿನ ಚಾಸಿಸ್ ತೆಳು ಪೈಪು; ವೆಲ್ಡಿಂಗ್ ಕಾವು ತಗುಲಿದ ಕಡೆ ಅದು ಪೆಡಸಾಗುತ್ತದೆ, ಮುಂದೊಂದು ದಿನ ಸರಿಯಾಗಿ ವೆಲ್ಡಿಂಗಿನ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಆಗ ಏಕತ್ವದ ಅನುಭವ ಮುಗಿದು ನಾನಾತ್ವದ ಅನುಭವ ಶುರುವಾಗುತ್ತದೆ, ಅದೂ ಇಳಿಜಾರಿನಲ್ಲಿ.

ಗ್ರಂಥಕರ್ತ ವಿಶಿಷ್ಟಾದ್ವೈತಿ. ಎರಡೂ ನಿಜ, ಆದರೆ ಒಂದು ಇನ್ನೊಂದನ್ನು ಬಿಟ್ಟಿರದಂಥ ಸಂಬಂಧ. ಮೊದಲು ಬೈಕಿನ ಚಾಸಿಸ್ಸಿಗೆ ಪಟ್ಟಿಯಂಥ ಒಂದು ಸಣ್ಣ ಚೌಕಟ್ಟನ್ನು ಕ್ಲಾಂಪು, ನಟ್ಟು-ಬೋಲ್ಟುಗಳಿಂದ ಬಿಗಿಯಬೇಕು. ಸೈಡ್‌ಕಾರನ್ನು ಆ ಚೌಕಟ್ಟಿಗೆ ನಾಲ್ಕು ಕಡೆ ಹಿಡಿಸಬೇಕು: ಕೆಳಗೆ ಮುಂದೊಂದು, ಹಿಂದೊಂದು, ಮೇಲೆ ಹ್ಯಾಂಡಲ್ ಕತ್ತಿನ ಬಳಿ ಒಂದು, ಸೀಟಿನ ಅಡಿ ಒಂದು. ಕೆಳಗಿನ ಎರಡು ಭಾರ ಹೊರುತ್ತವೆ, ಮೇಲಿನ ಎರಡು ಬೈಕು ಎಷ್ಟು ವಾಲಬೇಕೆಂದು ತೀರ್ಮಾನಿಸುತ್ತವೆ. ಹಳೆಯ ಬುಲೆಟ್ಟಿಗೆ ಕೆಳಗಿನ ಮುಂದಿನ ಹಿಡಿತ ಸಿಗುವುದು ಸುಲಭವಲ್ಲ. ಅದರ ಚಾಸಿಸ್ ಪೈಪು ಎಂಜಿನ್ನಿನ ಅಡಿ ಹಾದುಹೋಗುವುದಿಲ್ಲ, ಎಂಜಿನ್ನೇ ಚಾಸಿಸ್ಸಿನ ಒಂದು ತುಂಡಾಗಿ ನಿಂತಿರುತ್ತದೆ. ಅಲ್ಲಿ ದಪ್ಪ ಪ್ಲೇಟು ಕತ್ತರಿಸಿ ಎಂಜಿನ್ ಬೋಲ್ಟುಗಳಿಗೆ ಕೂರಿಸುವುದು ಲೇತ್ ಅಂಗಡಿಯ ಕೆಲಸ. ಅವಸರ ಮಾಡಬಾರದು, ಅಂಗಡಿಯವನಿಗೆ ಚಹಾ ಹೇಳಬೇಕು.

ಇನ್ನು ಅಳತೆ. ಸೈಡ್‌ಕಾರಿನ ಚಕ್ರ ಬೈಕಿನ ಹಿಂಚಕ್ರದ ನೇರಕ್ಕೆ ಇರಬಾರದು, ಒಂದು ಗೇಣಿನೊಳಗೆ ಮುಂದಿರಬೇಕು. ಆ ಚಕ್ರ ತುಸು ಒಳಮುಖವಾಗಿ, ಅಂದರೆ ಬೈಕಿನ ಕಡೆಗೆ ಮೂತಿ ಮಾಡಿರಬೇಕು. ಎರಡೂ ಬದಿಗೆ ಉದ್ದನೆಯ ನೇರ ಪಟ್ಟಿ ಇಟ್ಟು ಹಿಂದೆ, ಮುಂದೆ ಅಳೆದರೆ ಮುಂದಿನ ಅಂತರ ಸಾಮಾನ್ಯವಾಗಿ 12ರಿಂದ 20 ಮಿಲಿಮೀಟರ್ ಕಡಿಮೆ ಬರಬೇಕು. ಬೈಕು ಸೈಡ್‌ಕಾರಿನಿಂದ ಆಚೆಗೆ, ಬಲಕ್ಕೆ, 1ರಿಂದ 2 ಡಿಗ್ರಿ ವಾಲಿರಬೇಕು. ನಮ್ಮ ರಸ್ತೆ ನೀರು ಹರಿಯಲೆಂದು ಅಂಚಿಗೆ ಇಳಿಜಾರಾಗಿರುತ್ತದೆ, ಗಾಡಿಯನ್ನು ಸದಾ ಎಡಕ್ಕೆ ಎಳೆಯುತ್ತದೆ; ಆ ಎಳೆತಕ್ಕೆ ಈ ವಾಲಿಕೆಯೇ ಪ್ರತ್ಯುತ್ತರ. ಗಾರೆ ಕೆಲಸದವರ ದಾರ, ತೂಗುಗುಂಡು ಇದ್ದರೆ ಇಷ್ಟೂ ಸಾಧ್ಯ. ಲೇಸರ್ ಬೇಕಿಲ್ಲ. ಬೇಕಾದದ್ದು ಸವಾರ ಸೀಟಿನ ಮೇಲೆ ಕೂತಿರುವಾಗ ಅಳೆಯುವ ಬುದ್ಧಿ.

ಸಾಂಖ್ಯರು ಹಲ್ಲು ಎಣಿಸುತ್ತಾರೆ. ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಅಥವಾ ಹಿಂದಿನದರಲ್ಲಿ ಕೆಲವು ಹೆಚ್ಚು ಮಾಡದೆ ಇಷ್ಟು ಭಾರವನ್ನು ಏರು ಹತ್ತಿಸಲಾಗದು. ಈ ವಿಷಯದಲ್ಲಿ ಅವರ ಮಾತೇ ಸರಿ, ಹೆಚ್ಚಿನ ಚರ್ಚೆ ಬೇಡ. ಚೈನಿನ ಬಗ್ಗೆ ಮಾತ್ರ ಹೊಸಪೇಟೆಯವರಿಗೆ ಯಾರೂ ಉಪದೇಶ ಮಾಡಬೇಕಿಲ್ಲ: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋದದ್ದನ್ನು ಕಂಡ ಊರು ಇದು.

ಹೊಗೆಯ ದರ್ಶನಗಳು

ಈಗ ಮುಖ್ಯ ವಿಷಯ. ಸೈಲೆನ್ಸರಿನ ದಿಕ್ಕನ್ನು ನೋಡಿದರೆ ಮೋಟಾರ್‌ಸೈಕಲ್ಲುಗಳು ಮೂರು ಜಾತಿ. ದಕ್ಷಿಣಾಚಾರಿಗಳು: ಸ್ಪ್ಲೆಂಡರ್, ಪಲ್ಸರ್ ಮುಂತಾದ ನಮ್ಮ ಬಹುಪಾಲು ಗಾಡಿಗಳು, ಇವುಗಳ ಹೊಗೆ ಬಲಕ್ಕೆ, ಆದ್ದರಿಂದ ಸೈಡ್‌ಕಾರಿಗೆ ತಕರಾರಿಲ್ಲ. ಶಕ್ತಿಯ ತಕರಾರು ಬೇರೆ. ವಾಮಾಚಾರಿಗಳು: ಸೈಲೆನ್ಸರ್ ಎಡಕ್ಕಿರುವ ಗಾಡಿಗಳು, ಹುಟ್ಟಿನಿಂದಲೋ ಮಾಲೀಕನ ಶೋಕಿಯಿಂದಲೋ. ಉಭಯಾಚಾರಿಗಳು: ಮೈಸೂರಿನ ಜಾವಾ, ಯೆಜ್ಡಿ. ವಾಮಾಚಾರಿಗೆ ಎಡಕ್ಕೆ ಸೈಡ್‌ಕಾರ್ ಕಟ್ಟಿದಿರೋ, ಚೌಕಟ್ಟು ಹೋಗಬೇಕಾದ ಜಾಗದಲ್ಲಿ ಕೆಂಡದಂಥ ಪೈಪು ಇರುತ್ತದೆ, ಅದರ ಬಾಯಿ ಕೂತವರ ಮೊಣಕೈ ಪಕ್ಕದಲ್ಲಿ. ಇದಕ್ಕೆ ಪರಿಹಾರವೇನೆಂಬಲ್ಲಿ ಮತಭೇದ.

ಸಂಪ್ರದಾಯದಂತೆ ಚಾರ್ವಾಕನಿಂದಲೇ ಆರಂಭ. ಪ್ರತ್ಯಕ್ಷವೊಂದೇ ಪ್ರಮಾಣ ಎನ್ನುವ ಈತ ಸೈಲೆನ್ಸರನ್ನು ಎಂಜಿನ್ನಿನ ಮುಂದೆಯೇ ಗ್ಯಾಸ್ ಕಟ್ಟರಿನಲ್ಲಿ ಕತ್ತರಿಸಿ ಬಿಸಾಡುತ್ತಾನೆ. ಪೈಪೇ ಇಲ್ಲದ ಮೇಲೆ ಅದು ಎಡಕ್ಕೋ ಬಲಕ್ಕೋ ಎಂಬ ಪ್ರಶ್ನೆ ಎಲ್ಲಿಯದು? ಗಾಡಿ ಇರುವವರೆಗೆ ಸದ್ದು ಮಾಡುತ್ತ ಬದುಕು, ಸಾಲ ಮಾಡಿಯಾದರೂ ಪೆಟ್ರೋಲ್ ಹಾಕಿಸು, ಬೂದಿಯಾದ ವಾಲ್ವು ಮತ್ತೆ ಬರುವುದುಂಟೇ ಎಂಬುದು ಇವನ ವೇದಾಂತ. ಪಾಪ, ವಾಲ್ವು ಬೂದಿಯಾಗುವುದಂತೂ ನಿಜ. ಪೈಪು ಗಿಡ್ಡವಾದಷ್ಟೂ ಎಂಜಿನ್ನಿನ ಉಸಿರಾಟದ ಲೆಕ್ಕ ತಪ್ಪುತ್ತದೆ, ಕಾರ್ಬ್ಯುರೇಟರ್ ಹೊಂದಿಸದಿದ್ದರೆ ಮಿಶ್ರಣ ಬಡವಾಗಿ ವಾಲ್ವು ಸುಡುತ್ತದೆ. ಸದ್ದು ತಗ್ಗಿಸುವ ಸಾಧನ ಪ್ರತಿ ಗಾಡಿಗೂ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಹೇಳುತ್ತದೆ. ಚಾರ್ವಾಕನಿಗೆ ನಿಯಮ ಪ್ರಮಾಣವಲ್ಲ. ಪೊಲೀಸಿನವನು ಮಾತ್ರ ಪ್ರತ್ಯಕ್ಷ ಪ್ರಮಾಣ.

ಮೀಮಾಂಸಕರು ಕಂಪನಿಯ ಪುಸ್ತಕವನ್ನು ಅಪೌರುಷೇಯವೆಂದು ನಂಬಿದವರು. ಸೈಲೆನ್ಸರ್ ಎಲ್ಲಿ ವಿಹಿತವೋ ಅಲ್ಲೇ ಇರಲಿ, ಸೈಡ್‌ಕಾರನ್ನು ಇನ್ನೊಂದು ಗೇಣು ಆಚೆಗೆ ಸರಿಸಿ. ಸರಿಸಿದರೆ ಏನಾಗುತ್ತದೆ? ಅಗಲ ಹೆಚ್ಚುತ್ತದೆ. ಆಕ್ಸಿಲರೇಟರ್ ತಿರುವಿದಾಗ ಗಾಡಿ ಎಡಕ್ಕೆ ಎಳೆಯುವುದು, ಬ್ರೇಕ್ ಹಿಡಿದಾಗ ಬಲಕ್ಕೆ ತಿರುಗುವುದು ಎಲ್ಲ ಸೈಡ್‌ಕಾರಿಗೂ ಇರುವ ಗುಣ. ಅಗಲ ಹೆಚ್ಚಿದಷ್ಟೂ ಆ ಗುಣ ಹೆಚ್ಚು. ಇಷ್ಟೂ ಆಗಿ ಹೊಗೆ ಇದ್ದಲ್ಲೇ ಇದೆ. ಕರ್ಮ ಮಾಡಿದ್ದಾಯಿತು, ಫಲ ಮಾತ್ರ ಕೂತವರ ಮೂಗಿಗೆ.

ಜಾವಾ, ಯೆಜ್ಡಿ ಮಾಲೀಕರು ಸ್ಯಾದ್ವಾದಿಗಳಾಗದೆ ಗತಿಯಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ಕಟ್ಟಲು ಶುರುಮಾಡಿ, 1973ರಿಂದ ಯೆಜ್ಡಿ ಎಂಬ ಹೆಸರಿಟ್ಟು, 1996ರಲ್ಲಿ ಬಾಗಿಲು ಹಾಕುವವರೆಗೆ ಕೊಟ್ಟ ಪ್ರಸಿದ್ಧ ಮಾದರಿಗಳಿಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಹೊಗೆ ಎಡಕ್ಕಿರಬಹುದು, ಬಲಕ್ಕಿರಬಹುದು, ಎಡಕ್ಕೂ ಬಲಕ್ಕೂ ಇರಬಹುದು, ಮಾತಿಗೆ ಮೀರಿದ್ದೂ ಇರಬಹುದು. ಹಳೆಯ ಯೆಜ್ಡಿಯ ಬೆಳಗಿನ ಮೊದಲ ಕಿಕ್ ನೋಡಿದವರು ಕೊನೆಯದಕ್ಕೆ ಸಾಕ್ಷಿ. ಎಡ ಬಾಯಿಯನ್ನು ತಗಡು ಹೊಡೆದು ಮುಚ್ಚಿದರೆ ಆಯಿತಲ್ಲ ಎನ್ನುವ ಏಕಾಂತವಾದಿಗಳಿದ್ದಾರೆ. ಆಗದು. ಟೂ-ಸ್ಟ್ರೋಕ್ ಎಂಜಿನ್ನಿಗೆ ವಾಲ್ವಿಲ್ಲ. ಒಳಗೆ ಬರುವ ಹೊಸ ಗಾಳಿಯನ್ನು ಹಿಡಿದು ನಿಲ್ಲಿಸುವುದರಲ್ಲಿ ಹೊಗೆಪೈಪಿನ ಉದ್ದ, ಹೊಟ್ಟೆ, ಬಾಯಿ ಎಲ್ಲಕ್ಕೂ ಪಾತ್ರವಿದೆ. ಒಂದನ್ನು ಮುಚ್ಚಿದರೆ ಗಾಡಿ ಬಸವಳಿಯುತ್ತದೆ. ಎರಡನ್ನೂ ಒಂದೇ ಪೈಪಿಗೆ ಸೇರಿಸುವವರು ಆ ಪೈಪನ್ನು ಎರಡರ ಹೊಗೆ ಹಿಡಿಸುವಷ್ಟು ದಪ್ಪ ಮಾಡಬೇಕು. ಗ್ರಂಥಕರ್ತನ ಸಲಹೆ: ಮೈಸೂರಿನವರು ಮಾಡಿದ್ದನ್ನು ಕೆಡಿಸಬೇಡಿ. ಎಡ ಸೈಲೆನ್ಸರ್ ಬೈಕಿಗೂ ಸೈಡ್‌ಕಾರಿಗೂ ನಡುವಿನ ಸಂದಿಯಲ್ಲಿ ಇರಲಿ, ಅದರ ಮೇಲೊಂದು ರಕ್ಷಣೆಯ ತಗಡು ಬರಲಿ, ಬಾಲವನ್ನು ಮಾತ್ರ ಕೂತವರ ಸೀಟಿನ ಹಿಂದಕ್ಕೆ ಉದ್ದ ಮಾಡಿ.

ಯೋಗಮಾರ್ಗಿಗಳು ಪೈಪನ್ನು ಕುಂಡಲಿನಿಯಂತೆ ಮೇಲಕ್ಕೆತ್ತುತ್ತಾರೆ. ಸಿಲಿಂಡರಿನಿಂದ ಹೊರಟು ತೊಡೆಯ ಪಕ್ಕದಲ್ಲಿ ಹಾದು ಸೀಟಿನ ಎತ್ತರಕ್ಕೆ ಏರುವ ಈ ಪೈಪಿನ ಪ್ರಚಾರಕರು ಹೆಚ್ಚಾಗಿ ಕಂಪ್ಲಿ ಕಡೆಯವರು. ಅವರ ವಾದ: ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆಯೇ ಮುಳುಗುತ್ತದೆ, ಕೆಳಗಿನ ಪೈಪಿಗೆ ನೀರು ನುಗ್ಗದೆ ಇರುತ್ತದೆಯೇ? ಉತ್ತರ: ಸೇತುವೆ ಮುಳುಗಿದಾಗ ಸಂಚಾರವೇ ಬಂದ್. ಬಂದ್ ಆದ ಸೇತುವೆಯ ಮೇಲೆ ಸೈಡ್‌ಕಾರ್ ಓಡಿಸುವವನಿಗೆ ಪೈಪಿನ ಎತ್ತರ ಚಿಕ್ಕ ಚಿಂತೆ. ಭತ್ತದ ಗದ್ದೆಯ ಕಾಲುವೆ ಏರಿಯ ಕೆಸರಿನ ಮಾತು ಬೇರೆ. ಅಲ್ಲಿ ಎತ್ತರದ ಪೈಪು ಲಾಭವೇ. ಆದರೆ ಎತ್ತರದ ಪೈಪಿನ ಬಾಯಿ ಸೈಡ್‌ಕಾರಿನಲ್ಲಿ ಕೂತವರ ತಲೆಯ ಮಟ್ಟಕ್ಕೆ ಬರುತ್ತದೆ, ಸೀರೆಯ ಸೆರಗು ಅದರ ಮಗ್ಗುಲಲ್ಲೇ ಹಾರುತ್ತದೆ. ಈ ಮಾರ್ಗ ಬಲಬದಿಗೆ ಮಾತ್ರ, ಅದೂ ಹಿಂದಿನ ಸೀಟಿನಲ್ಲಿ ಯಾರೂ ಕೂರದಿದ್ದರೆ.

ನೈಯಾಯಿಕರ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ಹೊಗೆಯ ಮೇಲೆ ಇಡೀ ಶಾಸ್ತ್ರ ಕಟ್ಟಿದವರು ಇವರೊಬ್ಬರೇ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆಯೆಂದು ಊಹಿಸು, ಅಡುಗೆಮನೆ ನೋಡಿಲ್ಲವೇ, ಎಂಬುದು ಪಾಠಶಾಲೆಯ ಮೊದಲ ದಿನದ ಪಾಠ. ಧೂಳನ್ನು ಹೊಗೆಯೆಂದು ತಿಳಿದು ಬೆಂಕಿಯನ್ನು ಊಹಿಸಿದರೆ ಅದು ಹೇತ್ವಾಭಾಸ ಎಂಬುದು ಎರಡನೆಯ ದಿನದ್ದು. ಸಂಡೂರಿನ ರಸ್ತೆಯಲ್ಲಿ ಈ ಎರಡನೆಯ ಪಾಠಕ್ಕೆ ಕೊರತೆಯಿಲ್ಲ: ಗುಡ್ಡದ ಕಡೆಯಿಂದ ಏಳುವ ಕೆಂಪು ಮೋಡ ಹೊಗೆಯಲ್ಲ, ಅದಿರಿನ ಲಾರಿಗಳ ಧೂಳು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಈ ಹೇತ್ವಾಭಾಸಕ್ಕೂ ಕೆಲಕಾಲ ಬಿಡುವು ಸಿಕ್ಕಿತ್ತು.

ಇವರಿಂದ ಕಲಿಯಬೇಕಾದ ಮೂರನೆಯ ಪಾಠ ಎಲ್ಲಕ್ಕಿಂತ ದೊಡ್ಡದು. ಹೊಗೆ ಇದ್ದಲ್ಲಿ ಬೆಂಕಿ ಇರಲೇಬೇಕು, ಆದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಬೇಕಿಲ್ಲ. ಕಾಯಿಸಿದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಮೇಸ್ತ್ರಿಯ ವಾದ ನೋಡಿ: “ಗಾಡಿ ಕ್ಲೀನ್ ಐತಿ ನೋಡಣ್ಣಾ, ಒಂಚೂರೂ ಹೊಗಿ ಇಲ್ಲ, ಎಡಕ್ಕ ಇದ್ರೂ ಅಮ್ಮಗ ಏನೂ ಆಗಂಗಿಲ್ಲ.” ಕಾಣುವ ಹೊಗೆ ಇಲ್ಲದಿರುವುದೇ ಇವನ ಹೇತು. ಪೆಟ್ರೋಲ್ ಎಂಜಿನ್ನಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಪೀಠದಲ್ಲಿ ಅದು ಹೋಗಿ ಕೂರುತ್ತದೆ, ಬೇಗ ಏಳುವುದಿಲ್ಲ. ಸೈಡ್‌ಕಾರಿಗೆ ಮುಂದೆ ಗಾಜು, ಮೇಲೆ ಟಾರ್ಪಾಲಿನ ಗೂಡು ಕಟ್ಟಿದರಂತೂ ಓಡುವಾಗ ಒಳಗಿನ ಗಾಳಿಯ ಒತ್ತಡ ಕಡಿಮೆಯಾಗಿ, ಪಕ್ಕದ ಪೈಪಿನ ಬಾಯಿಂದ ಬಂದದ್ದು ಹಿಂದಿನಿಂದ ಸುತ್ತಿ ಒಳಕ್ಕೇ ಬರುತ್ತದೆ. ಕೂತವರಿಗೆ ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ತೂಕಡಿಕೆ. ಮನೆಯವರು ಬಿಸಿಲು ಎನ್ನುತ್ತಾರೆ, ಬೆಳಿಗ್ಗೆ ತಿಂದ ಒಗ್ಗರಣಿ ಮಿರ್ಚಿ ಎನ್ನುತ್ತಾರೆ. ಐದು ಅವಯವದ ಅನುಮಾನ ಹೀಗಿರಲಿ. ಅಮ್ಮನಿಗೆ ತೂಕಡಿಕೆ ಹೊಗೆಯಿಂದ, ಗೂಡಿರುವ ಸೈಡ್‌ಕಾರಿನ ಪಕ್ಕದಲ್ಲಿ ಪೈಪಿನ ಬಾಯಿ ಇರುವುದರಿಂದ, ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದಂತೆ, ಇದೂ ಅಂಥದ್ದೇ, ಆದ್ದರಿಂದ ಪೈಪನ್ನು ಬಲಕ್ಕೆ ಒಯ್ಯಿರಿ.

ಸಿದ್ಧಾಂತ

ಸೂತ್ರ ಇಷ್ಟೇ: ಎಡಕ್ಕೆ ಜನ, ಬಲಕ್ಕೆ ಹೊಗೆ.

ವೃತ್ತಿ ಉದ್ದವಿದೆ. ಸಿಲಿಂಡರ್ ಹೆಡ್ಡಿನಿಂದ ಹೊರಟ ಪೈಪು ಎಂಜಿನ್ನಿನ ಮುಂದೆ, ಚಾಸಿಸ್ಸಿನ ಮುಂಗಂಬದ ಎದುರಿನಲ್ಲಿ ಬಲಕ್ಕೆ ದಾಟಿ, ಅಲ್ಲಿಂದ ಹಿಂದಕ್ಕೆ ಹರಿಯಬೇಕು. ಎಂಜಿನ್ನಿನ ಅಡಿಯಿಂದ ದಾಟಿಸುವವರಿದ್ದಾರೆ. ಅದು ಹತ್ತಿರದ ದಾರಿ, ಆದರೆ ನಮ್ಮ ಊರುಗಳ ರೋಡ್ ಹಂಪುಗಳು ಯಾವ ಅಳತೆಗೂ ಸಿಕ್ಕುವಂಥವಲ್ಲ, ಮೂರು ಜನರ ಭಾರಕ್ಕೆ ಇಳಿದ ಗಾಡಿಯ ಪೈಪು ಮೊದಲ ಹಂಪಿಗೇ ಚಪ್ಪಟೆಯಾಗುತ್ತದೆ. ಹೊಸ ಪೈಪಿನ ಒಳ ಅಳತೆ ಹಳೆಯದರಷ್ಟೇ ಇರಲಿ, ಒಟ್ಟು ಉದ್ದವೂ ಆದಷ್ಟು ಅಷ್ಟೇ. ಮಡಿಕೆಗಳು ಕಡಿಮೆ, ಇರುವವು ಅಗಲವಾದ ಸುತ್ತಿನವು. ಬಲಗಡೆ ಏನೇನಿದೆ ಎಂದು ಮೊದಲೇ ನೋಡಿಕೊಳ್ಳಬೇಕು. ಹಳೆಯ ಬುಲೆಟ್ಟಿನಲ್ಲಿ ಕಿಕ್ಕರ್, ಗೇರು ಎರಡೂ ಬಲಕ್ಕಿವೆ. ಕಿಕ್ ಹೊಡೆಯುವ ಕಾಲು ಪೈಪಿಗೆ ತಗುಲಬಾರದು; ತಗುಲಿದ ಗುರುತನ್ನು ಮೊಣಕಾಲ ಕೆಳಗೆ ಹೊತ್ತು ತಿರುಗುವವರು ಪ್ರತಿ ಊರಲ್ಲೂ ಇದ್ದಾರೆ.

ಪೈಪು ಬಗ್ಗಿಸುವ ಹಳೆಯ ವಿದ್ಯೆ ಮರಳಿನದು. ಪೈಪಿನ ಒಂದು ಬಾಯಿಗೆ ಮರದ ಬಿರಡೆ ಜಡಿದು, ಸಣ್ಣ ಮರಳನ್ನು ಕುಟ್ಟಿ ಕುಟ್ಟಿ ತುಂಬಿ, ಇನ್ನೊಂದು ಬಾಯಿಗೂ ಬಿರಡೆ ಹಾಕಿ, ಬಗ್ಗಬೇಕಾದ ಕಡೆ ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ, ಮೆಲ್ಲಗೆ ಬಗ್ಗಿಸಬೇಕು. ಒಳಗೆ ಮರಳಿರುವುದರಿಂದ ಪೈಪು ನುಲಿಯುವುದಿಲ್ಲ, ಗೋಡೆ ಕುಸಿಯುವುದಿಲ್ಲ. ಹೊಳೆಯ ಮರಳು ಇದಕ್ಕೆ ಅತ್ಯುತ್ತಮ, ಆದರೆ ಬಾಣಲೆಯಲ್ಲಿ ಹುರಿದು ಒಣಗಿಸಿದ್ದಾಗಿರಬೇಕು. ತೇವ ಉಳಿದಿದ್ದರೆ ಒಳಗೆ ಉಗಿ ಕಟ್ಟಿ ಬಿರಡೆ ಗುಂಡಿನಂತೆ ಹಾರುತ್ತದೆ. ಈ ತಾಳ್ಮೆ ಇಲ್ಲದವರು ಪೈಪನ್ನು ಓರೆ ಓರೆ ತುಂಡು ಕತ್ತರಿಸಿ ವೆಲ್ಡ್ ಮಾಡಿ ಬಳಸು ಮಾಡುತ್ತಾರೆ. ಅದೂ ನಡೆಯುತ್ತದೆ, ಒಳಗಿನ ವೆಲ್ಡಿಂಗ್ ಗಂಟುಗಳನ್ನು ಉಜ್ಜಿ ತೆಗೆದರೆ.

ಪೈಪನ್ನು ಹೆಡ್ಡಿನಿಂದ ನೇತುಹಾಕಬಾರದು. ಅದರ ಭಾರವನ್ನು ಚಾಸಿಸ್ಸಿಗೆ ರಬ್ಬರ್ ಬುಶ್ಶಿನ ಮೂಲಕ ಹೊರಿಸಬೇಕು. ನಡುವೆ ಒಂದು ಕಡೆ ಕ್ಲಾಂಪಿನ ಜೋಡು ಇರಲಿ. ಎಂಜಿನ್ ಅಲುಗುತ್ತದೆ, ಚಾಸಿಸ್ ತನ್ನದೇ ರೀತಿಯಲ್ಲಿ ಅಲುಗುತ್ತದೆ, ಸೈಡ್‌ಕಾರ್ ಬಂದ ಮೇಲೆ ಇನ್ನೊಂದು ರೀತಿ. ಎಲ್ಲವನ್ನೂ ಬಿಗಿಯಾಗಿ ಕಟ್ಟಿದ ಪೈಪು ಬಿರುಕು ಬಿಡುವುದು ಹೆಡ್ಡಿನ ಬುಡದಲ್ಲೇ. ಜನರನ್ನು ಒಯ್ಯುವ ವಾಹನದಲ್ಲಿ ಪೆಟ್ರೋಲ್ ಪೈಪಿನಿಂದ ಹೊಗೆಪೈಪು 35 ಮಿಲಿಮೀಟರಾದರೂ ದೂರವಿರಬೇಕೆಂದು ಅದೇ ಕೇಂದ್ರ ಮೋಟಾರು ವಾಹನ ನಿಯಮಗಳ 113ನೇ ನಿಯಮ ಹೇಳುತ್ತದೆ. ಗ್ರಂಥಕರ್ತ ಅದರ ದುಪ್ಪಟ್ಟು ಕೇಳುತ್ತಾನೆ. ಬಾಯಿ ಹಿಂಚಕ್ರದ ಹಿಂದೆ ಮುಗಿಯಲಿ.

ಪೂರ್ವಪಕ್ಷಿಯ ಕೊನೆಯ ಆಕ್ಷೇಪ: ನನ್ನ ಸೈಡ್‌ಕಾರ್ ಸಾಮಾನಿಗೆ ಮಾತ್ರ, ಜನ ಕೂರುವುದಿಲ್ಲ, ಎಡಕ್ಕೆ ಪೈಪಿದ್ದರೇನು? ಅದೂ ಹೊಂದದು. ಹೊಸಪೇಟೆಯ ಸುತ್ತ, ವಿಜಯನಗರದರಸರ ಕಾಲದ ಕಾಲುವೆಗಳ ಮೇಲೆ ಬದುಕುವ ತೋಟಗಳಿಂದ ಬರುವ ಬಾಳೆಗೊನೆಗೆ ಬಿಸಿ ಪೈಪಿನ ಕಾವು ತಗುಲಿದರೆ ಮಂಡಿ ತಲುಪುವಷ್ಟರಲ್ಲಿ ಆ ಮಗ್ಗುಲು ಕರ್ರಗಾಗಿರುತ್ತದೆ. ದಲಾಲಿ ತರ್ಕಶಾಸ್ತ್ರ ಓದಿಲ್ಲ. ಕಪ್ಪು ಮಗ್ಗುಲು ನೋಡಿ ದರ ಇಳಿಸುತ್ತಾನೆ.

ಪ್ರಯೋಗ

ಕಟ್ಟಿದ ಮೇಲೆ ಓಡಿಸುವುದು. ಬೈಕು ಓಡಿಸಿ ಬಂದ ಅಭ್ಯಾಸವೆಲ್ಲ ಇಲ್ಲಿ ಶತ್ರು. ಬೈಕು ವಾಲಿಸಿ ತಿರುಗಿಸುವುದು. ಇದು ವಾಲದು, ಹ್ಯಾಂಡಲನ್ನೇ ತೋಳುಬಲದಿಂದ ತಿರುಗಿಸಬೇಕು. ಎಡ ತಿರುವಿನಲ್ಲಿ ಖಾಲಿ ಸೈಡ್‌ಕಾರಿನ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ, ಬಲ ತಿರುವಿನಲ್ಲಿ ಬೈಕಿನ ಹಿಂಚಕ್ರವೇ ಹಗುರಾಗುತ್ತದೆ. ಕಮಲಾಪುರ ದಾಟಿ ಹಂಪಿಗೆ ಹೋಗುವ ದಾರಿಯಲ್ಲಿ ಬಂಡೆಗಳ ನಡುವೆ ತಿರುವುಗಳಿವೆ, ನೋಡುವವರ ಗಮನ ಬಂಡೆಯ ಮೇಲಿರುತ್ತದೆ. ಸಂಡೂರಿನ ಕುಮಾರಸ್ವಾಮಿ ಬೆಟ್ಟದ ದಾರಿಯಲ್ಲಂತೂ ಏರು, ಇಳಿ, ತಿರುವು ಮೂರೂ ಒಟ್ಟಿಗೆ. ಕಂಪ್ಲಿ ರಸ್ತೆ ಸಮತಟ್ಟು, ಹೊಸಬರು ಕಲಿಯಬೇಕಾದದ್ದು ಅಲ್ಲೇ, ಅದೂ ಕಬ್ಬಿನ ಟ್ರ್ಯಾಕ್ಟರುಗಳಿಲ್ಲದ ಹೊತ್ತಿನಲ್ಲಿ. ಒಬ್ಬರೇ ಹೋಗುವಾಗ ಸೈಡ್‌ಕಾರಿನಲ್ಲಿ ಮರಳಿನ ಚೀಲವೋ ಅಕ್ಕಿಯ ಮೂಟೆಯೋ ಇರಲಿ, ಅಲುಗದಂತೆ ಕಟ್ಟಿರಲಿ.

ಇಷ್ಟು ಓದಿ ಉತ್ಸಾಹ ಬಂದವರಿಗೆ ಒಂದು ಮಾತು. ಆರ್‌ಸಿಯಲ್ಲಿ ಬರೆದದ್ದಕ್ಕೂ ಗಾಡಿಗೂ ವ್ಯತ್ಯಾಸ ಬರುವಂತೆ ಮಾರ್ಪಾಡು ಮಾಡುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಸೈಡ್‌ಕಾರ್ ಒಂದು, ಪೈಪು ಇನ್ನೊಂದು ಎಂದು ಅವರು ದ್ವೈತದಂತೆ ಎಣಿಸಿದರೆ ದಂಡವೂ ಎರಡಾದೀತು. ವಿಮೆಯವರೂ ಕೇಳುತ್ತಾರೆ. ಆದ್ದರಿಂದ ಕೆಎ-35 ನಂಬರಿನ ಗಾಡಿ ಇರುವವರು ಹೊಸಪೇಟೆಯ ಆರ್‌ಟಿಓ ಕಚೇರಿಗೆ ಮೊದಲು ಅರ್ಜಿ ಕೊಡಿ, ಲಿಖಿತ ಉತ್ತರ ಕೈಗೆ ಬಂದ ಮೇಲೆ ಗಾಡಿಯನ್ನು ಮೇಸ್ತ್ರಿಗೆ ಒಪ್ಪಿಸಿ.